ಹೋರಿ ನೋಡೋಕೆ ಚೆನ್ನಾಗಿದ್ದರೆ ಸಾಕಾ? ಬೀಜದ ಹೋರಿಯನ್ನು ಅಳೆಯುವ ಬಗೆ

2021ರ ನವೆಂಬರ್‌ನಲ್ಲಿ ಬೆಂಗಳೂರಿನ ಕೃಷಿ ಮೇಳಕ್ಕೆ ಬಂದಿದ್ದ ಕೃಷ್ಣ ಅನ್ನೋ ಹಳ್ಳಿಕಾರ್ ಹೋರಿ ನೆನಪಿದೆಯಾ? ಮೂರೂವರೆ ವರ್ಷದ್ದು. ಬೆಲೆ ಒಂದು ಕೋಟಿ ಅಂತ ಟಿವಿಯಲ್ಲಿ ಬಂದಿದ್ದೇ ತಡ, ಹಸು ಕಟ್ಟಿದವರು, ಕಟ್ಟದವರು ಎಲ್ಲರೂ ಅದರ ಫೋಟೋ ಕಳಿಸಿದ್ದೇ ಕಳಿಸಿದ್ದು. ಅದರ ವೀರ್ಯದ ಒಂದು ಡೋಸಿಗೆ ಸಾವಿರ ರೂಪಾಯಿ ಅಂತಲೂ ವರದಿಯಾಗಿತ್ತು. ಆಗ ಬಹಳ ಜನ ಕೇಳಿದ ಪ್ರಶ್ನೆ ಇಂದಿಗೂ ಹಾಗೇ ಇದೆ. ಒಂದು ಹೋರಿಯಲ್ಲಿ ಅಂಥದ್ದೇನಿರುತ್ತದೆ? ಒಳ್ಳೆಯ ಹೋರಿ ಅಂತ ಹೇಳೋದು ಹೇಗೆ?

ಮೈ ನೋಡಿ, ಕೊಂಬು ನೋಡಿ, ನಡಿಗೆ ನೋಡಿ ಹೇಳಬಹುದು ಅಂತ ನಾವು ಅಂದುಕೊಂಡಿದ್ದೇವೆ. ಅದು ಅರ್ಧ ಸರಿ. ಅರ್ಧಕ್ಕಿಂತ ಕಮ್ಮಿಯೇ ಅನ್ನಿ. ಬೀಜದ ಹೋರಿಯಲ್ಲಿ ಮುಖ್ಯವಾದ ಸಂಗತಿಗಳು ಹೆಚ್ಚಿನವು ಕಣ್ಣಿಗೆ ಕಾಣುವುದಿಲ್ಲ. ಕೆಲವು ಗೊತ್ತಾಗೋದು ಆರೇಳು ವರ್ಷ ಕಳೆದ ಮೇಲೆ.

ಮೊದಲು ನಾಲ್ಕು ಪದ

ಊರಲ್ಲಿ ಬೆಳೆದವರು ಈ ಭಾಗ ಬಿಟ್ಟು ಮುಂದೆ ಹೋಗಬಹುದು. ಗಂಡು ಕರು ಬೆಳೆದರೆ ಹೋರಿ. ಬೀಜ (ವೃಷಣ) ಒಡೆಸಿದರೆ ಎತ್ತು, ಅದರಿಂದ ಕರು ಹುಟ್ಟುವುದಿಲ್ಲ. ಬೀಜ ಒಡೆಸದೆ, ಹಸುಗಳಿಗೆ ಕರು ಹುಟ್ಟಿಸಲೆಂದೇ ಇಟ್ಟುಕೊಂಡದ್ದು ಬೀಜದ ಹೋರಿ. ದೇವರ ಹೆಸರಲ್ಲಿ ಬಿಟ್ಟ ಬಸವ ಎಷ್ಟೋ ಊರುಗಳಲ್ಲಿ ಇದೇ ಕೆಲಸ ಮಾಡುತ್ತಿತ್ತು.

ಹಸು ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ, ಅಂದರೆ ಹೋರಿ ಕೂಡಲು ಸಿದ್ಧವಾಗುತ್ತದೆ. ಆ ಬೆದೆ ಇರೋದು 12ರಿಂದ 18 ಗಂಟೆ. ಆ ಹೊತ್ತಲ್ಲಿ ಹೋರಿಗೆ ಬಿಡಬೇಕು, ಇಲ್ಲವೇ ಡಾಕ್ಟರನ್ನು ಕರೆಸಿ ಇಂಜೆಕ್ಷನ್ ಹಾಕಿಸಬೇಕು. ಇಂಜೆಕ್ಷನ್ ಅಂತ ನಾವು ಬಾಯಿ ಮಾತಿಗೆ ಹೇಳುವುದು ಕೃತಕ ಗರ್ಭಧಾರಣೆಗೆ. ಸೂಜಿ ಏನೂ ಇರೋದಿಲ್ಲ. ತೆಳ್ಳನೆಯ ಒಂದು ಸ್ಟ್ರಾದಲ್ಲಿ ತುಂಬಿದ ಹೋರಿಯ ವೀರ್ಯವನ್ನು ಉದ್ದನೆಯ ಕೊಳವೆಯಿಂದ ಗರ್ಭಕೋಶಕ್ಕೆ ಮುಟ್ಟಿಸುತ್ತಾರೆ ಅಷ್ಟೇ. ಗಬ್ಬ ನಿಂತರೆ ಸುಮಾರು 280 ದಿನಕ್ಕೆ ಕರು.

ಭಾರತದಲ್ಲಿ ಈ ಇಂಜೆಕ್ಷನ್ ಮೊದಲು ನಡೆದದ್ದು ನಮ್ಮಲ್ಲೇ. 1939ರಲ್ಲಿ ಮೈಸೂರಿನ ಅರಮನೆ ಡೇರಿ ಫಾರ್ಮಿನಲ್ಲಿ ಸಂಪತ್ ಕುಮಾರನ್ ಎಂಬುವರು ಹಳ್ಳಿಕಾರ್ ಹಸುಗಳಿಗೆ ಹೋಲ್‌ಸ್ಟೀನ್ ಅನ್ನುವ ವಿದೇಶಿ ಹಾಲಿನ ತಳಿಯ ಹೋರಿಯ ವೀರ್ಯ ಕೊಟ್ಟು ಗಬ್ಬ ನಿಲ್ಲಿಸಿದರು.

ಒಂದು ಹೋರಿ ಮೇಲೆ ಇಷ್ಟು ತಲೆ ಕೆಡಿಸಿಕೊಳ್ಳೋದು ಯಾಕೆ

ಲೆಕ್ಕ ಸುಲಭ. ಒಂದು ಹಸು ವರ್ಷಕ್ಕೆ ಹೆಚ್ಚೆಂದರೆ ಒಂದು ಕರು ಹಾಕುತ್ತದೆ. ಹಸು ಸುಮಾರಾಗಿದ್ದರೆ ಅದರ ನಷ್ಟ ಆ ಒಂದು ಕರುವಿಗೆ ನಿಲ್ಲುತ್ತದೆ. ಅದೇ 25-30 ಹಸುಗಳ ಹಿಂಡಿಗೆ ಒಂದು ಹೋರಿ ಬಿಟ್ಟರೆ, ಆ ವರ್ಷ ಹುಟ್ಟುವ ಪ್ರತಿ ಕರುವಿನಲ್ಲೂ ಅರ್ಧ ಪಾಲು ಅದರದ್ದೇ. ಉಳಿದ ಅರ್ಧವನ್ನು ಅಷ್ಟೂ ಹಸುಗಳು ಹಂಚಿಕೊಳ್ಳಬೇಕು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. ಇವತ್ತು ನಿಮ್ಮ ಕೊಟ್ಟಿಗೆಯಲ್ಲಿರುವ ಪಡ್ಡೆಯನ್ನು, ಅಂದರೆ ಇನ್ನೂ ಕರು ಹಾಕದ ಹಸುವನ್ನು, ನೋಡಿ. ಅದರಲ್ಲಿ ಅರ್ಧ ಅದರಪ್ಪನದ್ದು. ತಾಯಿಯ ಅಪ್ಪನ ಪಾಲು ಕಾಲು. ಅಜ್ಜಿಯ ಅಪ್ಪನ ಪಾಲು ಅರೆಕಾಲು. ಕೂಡಿಸಿದರೆ ಎಂಟರಲ್ಲಿ ಏಳು ಭಾಗ, ಅಂದರೆ 87.5 ಪರ್ಸೆಂಟ್, ಬರೀ ಮೂರು ಹೋರಿಗಳಿಂದ ಬಂತು! "ನಮ್ಮಜ್ಜಿ ಕಾಲದ ಹಸು, ಅದೇ ತಳಿ" ಅಂತ ನಾವು ಹೇಳಿಕೊಳ್ಳುತ್ತೇವೆ. ಲೆಕ್ಕದ ಪ್ರಕಾರ ಆ ಹಳೇ ಹಸುವಿನದ್ದು, ಅಂದರೆ ಪಡ್ಡೆಯ ಅಜ್ಜಿಯ ಅಮ್ಮನದ್ದು, ಉಳಿದಿರುವುದು ಎಂಟರಲ್ಲಿ ಒಂದು ಪಾಲು.

ಇಂಜೆಕ್ಷನ್ ಬಂದ ಮೇಲೆ ಈ ಲೆಕ್ಕ ಎಲ್ಲಿಂದೆಲ್ಲಿಗೋ ಹೋಯಿತು. ಹೋರಿ ಒಂದು ಸಲಕ್ಕೆ ಕೊಡುವ ವೀರ್ಯ ಐದಾರು ಮಿಲಿ. ಒಂದೊಂದು ಮಿಲಿಯಲ್ಲೂ ನೂರು ಕೋಟಿಯಷ್ಟು ವೀರ್ಯಾಣು. ಒಂದು ಸ್ಟ್ರಾಗೆ 2 ಕೋಟಿ ಸಾಕು. ಅಂದರೆ ಒಂದು ಸಲದ ವೀರ್ಯದಿಂದ ಇನ್ನೂರೈವತ್ತು ಹಸುಗಳಿಗಾಗುವಷ್ಟು ಸ್ಟ್ರಾ. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಮುಳುಗಿಸಿಟ್ಟರೆ ಹತ್ತಾರು ವರ್ಷ ಕೆಡೋದಿಲ್ಲ. ಹೋರಿ ಸತ್ತ ಮೇಲೂ ಅದರ ಕರುಗಳು ಹುಟ್ಟುತ್ತಲೇ ಇರುತ್ತವೆ. ಹಾಗಾಗಿ ಒಳ್ಳೆಯ ಹೋರಿ ಆರಿಸಿದರೆ ಲಾಭವೂ ಸಾವಿರ ಪಟ್ಟು, ತಪ್ಪಾಗಿ ಆರಿಸಿದರೆ ಪೆಟ್ಟೂ ಸಾವಿರ ಪಟ್ಟು.

ಒಳ್ಳೆಯದು, ಆದರೆ ಯಾತಕ್ಕೆ?

ಈ ಪ್ರಶ್ನೆ ಕೇಳದೆ ಹೋರಿ ಆರಿಸೋದು, ಯಾವ ಊರಿಗೆ ಅಂತ ಕೇಳದೆ ಬಸ್ ಹತ್ತಿದ ಹಾಗೆ.

ಅಮೃತಮಹಲ್ ತಳಿಯನ್ನೇ ತಗೊಳ್ಳಿ. ಮೈಸೂರು ಒಡೆಯರ ಕಾಲದಲ್ಲಿ ಅದು ಬೆಣ್ಣೆ ಚಾವಡಿ. ಅಮೃತಮಹಲ್ ಅಂತ ಹೆಸರಿಟ್ಟಿದ್ದು ಟಿಪ್ಪು. ಹೆಸರು ಕೇಳಿದರೆ ಹಾಲಿನ ಹೊಳೆ ಹರಿಸುವ ತಳಿ ಅನಿಸುತ್ತದೆ, ಅಲ್ವಾ? ಆದರೆ ಹೈದರ್, ಟಿಪ್ಪು ಇವುಗಳನ್ನು ಬೆಳೆಸಿದ್ದು ಸೈನ್ಯದ ಸಾಮಾನು, ಫಿರಂಗಿ ಎಳೆಯಲು. ವೇಗವಾಗಿ ನಡೆಯಬೇಕು, ಬಿಸಿಲು ತಡೆಯಬೇಕು, ಕಾವಲಿನ (ದನ ಮೇಯುವ ಬಯಲಿನ) ಒಣ ಹುಲ್ಲಲ್ಲಿ ಬದುಕಬೇಕು. ಅದಕ್ಕೆ ತಕ್ಕ ಹೋರಿಗಳನ್ನೇ ತಲೆತಲಾಂತರ ಆರಿಸಿದರು. ಹಾಲು ಬಹುಪಾಲು ಕರುವಿಗಾಗುವಷ್ಟೇ ಉಳಿಯಿತು. ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರದಲ್ಲಿ ಇವತ್ತಿಗೂ ಈ ತಳಿಯನ್ನು ಕಾಪಾಡುತ್ತಿದ್ದಾರೆ. ಅಲ್ಲಿನ ಗಂಡು ಕರುಗಳ ಹರಾಜಿಗೆ ದೂರದೂರದಿಂದ ಜನ ಬರುವುದು ಕಾಲಿನ ಕಸುವು ನೋಡಿ, ಹಾಲಿನ ಲೆಕ್ಕ ನೋಡಿ ಅಲ್ಲ.

ಹಳ್ಳಿಕಾರ್, ಖಿಲಾರಿ ಕೂಡ ಹೀಗೇ, ದುಡಿಮೆಯ ತಳಿಗಳು. ಅದರ ಹೋರಿಯನ್ನು ಹಾಲಿನ ಅಳತೆಯಲ್ಲಿ ಅಳೆದರೆ ಫೇಲ್. ಇತ್ತ ಡೇರಿಗೆ ಹಾಲು ಹಾಕಿ ಬದುಕುವ ಮನೆಗೆ ಎಷ್ಟೇ ಚೆಂದದ ಹಳ್ಳಿಕಾರ್ ಹೋರಿ ಬಂದರೂ ಕ್ಯಾನು ತುಂಬೋದಿಲ್ಲ. ಮಲೆನಾಡ ಗಿಡ್ಡದಂಥ ಪುಟ್ಟ ಹಸುವಿಗೆ ದೈತ್ಯ ಹೋಲ್‌ಸ್ಟೀನ್ ಹೋರಿಯ ಸ್ಟ್ರಾ ಹಾಕಿದರೆ ಕರು ದೊಡ್ಡದಾಗಿ, ಹೆರಿಗೆಯಲ್ಲಿ ತಾಯಿ ಜೀವಕ್ಕೇ ಕುತ್ತು ಬರಬಹುದು. ಹೋರಿ ತಪ್ಪಲ್ಲ, ಜೋಡಿ ತಪ್ಪು.

ಕಣ್ಣಿಗೆ ಕಾಣುವಷ್ಟು

ಜಾತ್ರೆಯಲ್ಲಿ ಅನುಭವಸ್ಥರು ಹೋರಿಯ ಮೈಕೂದಲಿನ ಸುಳಿ ನೋಡುತ್ತಾರೆ, ಬಣ್ಣ, ಕೊಂಬು, ಡುಬ್ಬ, ಗಂಗೆದೊಗಲು ನೋಡುತ್ತಾರೆ. ತಳಿಯ ಲಕ್ಷಣ ಉಳಿಸಿಕೊಳ್ಳಲು ಕೊಂಬು, ಬಣ್ಣ ಬೇಕು. ಸುಳಿಗೂ ಕರುವಿನ ಗುಣಕ್ಕೂ ಸಂಬಂಧವಿದೆ ಅಂತ ಯಾರೂ ತೋರಿಸಿಕೊಟ್ಟಿಲ್ಲ, ಆದರೂ ಮಾರುವಾಗ ಬೆಲೆ ಬೀಳಿಸುತ್ತದೆ ಅನ್ನೋದು ಬೇರೆ ಮಾತು.

ಪಶುವೈದ್ಯರು ಬಂದರೆ ಅವರ ಕಣ್ಣು ಮೊದಲು ಹೋಗುವುದು ಹಿಂಗಾಲಿಗೆ. ಹೋರಿ ಹಸುವಿನ ಮೇಲೆ ಹಾರುವಾಗ ಅಷ್ಟೂ ಭಾರ ಹಿಂಗಾಲಿನ ಮೇಲೆ. ಪಕ್ಕದಿಂದ ನೋಡಿದಾಗ ಹಿಂಗಾಲು ಕಂಬದ ಹಾಗೆ ನೆಟ್ಟಗೂ ಇರಬಾರದು, ಕುಡುಗೋಲಿನ ಹಾಗೆ ಜಾಸ್ತಿ ಬಾಗಿಯೂ ಇರಬಾರದು. ಗೊರಸು ಗಟ್ಟಿ, ಎರಡೂ ಕಡೆ ಸಮ. ಕಾಲು ನೋವಿರುವ ಹೋರಿ ಒಂದೆರಡು ಸಲ ಪ್ರಯತ್ನ ಮಾಡಿ ಸುಮ್ನಾಗಿಬಿಡುತ್ತದೆ. ನಾವು ಅದಕ್ಕೆ ಸೋಮಾರಿ ಅಂತ ಹೆಸರಿಡುತ್ತೇವೆ.

ಆಮೇಲೆ ಬೀಜದ ಚೀಲ. ನಾಚಿಕೊಳ್ಳುವ ವಿಷಯವಲ್ಲ ಇದು, ಇಡೀ ಪರೀಕ್ಷೆಯ ಹೃದಯವೇ ಇಲ್ಲಿದೆ. ಎರಡು ಬೀಜವೂ ಇಳಿದಿರಬೇಕು, ಹೆಚ್ಚುಕಮ್ಮಿ ಒಂದೇ ಗಾತ್ರ, ಒತ್ತಿದರೆ ಗಟ್ಟಿಯಾಗಿ, ಸ್ವಲ್ಪ ಪುಟಿಯುವಂತಿರಬೇಕು. ಒಂದೇ ಬೀಜ ಇಳಿದ ಹೋರಿಯಿಂದಲೂ ಕರು ಹುಟ್ಟಬಹುದು, ಆದರೆ ಆ ದೋಷ ಗಂಡು ಕರುಗಳಿಗೆ ಹೋಗುವ ಸಾಧ್ಯತೆ ಇರುವುದರಿಂದ ಅದನ್ನು ಬೀಜಕ್ಕೆ ಇಡುವುದಿಲ್ಲ. ಚೀಲದ ಅತಿ ದಪ್ಪ ಜಾಗದಲ್ಲಿ ಟೇಪ್ ಸುತ್ತಿ ಅಳೆಯುತ್ತಾರೆ. ವಿದೇಶಿ ತಳಿಗಳಿಗೆ 15 ತಿಂಗಳ ವಯಸ್ಸಿಗೆ ಕನಿಷ್ಠ 30 ಸೆಂಟಿಮೀಟರ್ ಅನ್ನೋದು ಬಳಕೆಯಲ್ಲಿರುವ ಅಳತೆ. ನಮ್ಮ ನಾಟಿ ತಳಿಗಳು ನಿಧಾನವಾಗಿ ಬೆಳೆಯುತ್ತವೆ, ಹಾಗಾಗಿ ಅದೇ ಟೇಪಿನ ಅಂಕಿ ಹಿಡಿದು ನಾಟಿ ಹೋರಿಯನ್ನು ತಿರಸ್ಕರಿಸಬಾರದು. ಇಷ್ಟೆಲ್ಲ ಅಳೆಯೋದು ವೀರ್ಯದ ಪ್ರಮಾಣಕ್ಕಾಗಿ ಮಾತ್ರ ಅಲ್ಲ. ಈ ಸುತ್ತಳತೆ ಚೆನ್ನಾಗಿರುವ ಹೋರಿಯ ಹೆಣ್ಣು ಮಕ್ಕಳು ಸಾಮಾನ್ಯವಾಗಿ ಬೇಗ ಬೆದೆಗೆ ಬರುತ್ತವೆ. ಅಪ್ಪನ ಟೇಪಿನ ಅಳತೆಯಲ್ಲಿ ಮಗಳ ಗುಣ ಕಾಣುತ್ತದೆ ಅಂದರೆ ವಿಚಿತ್ರ ಅನಿಸುತ್ತದೆ, ಆದರೆ ಹಲವು ದೇಶಗಳಲ್ಲಿ ಅಳೆದು ನೋಡಿದ ಸಂಗತಿ.

ಮೈ ತುಂಬಿಕೊಂಡಿರಲಿ, ಕೊಬ್ಬಿರುವುದು ಬೇಡ. ಮೇಳಕ್ಕೆ ಅಂತ ಬೆಣ್ಣೆ, ಮೊಟ್ಟೆ, ಹಿಂಡಿ ತಿನ್ನಿಸಿ ಮಿರಮಿರ ಮಿಂಚಿಸಿದ ಹೋರಿ ಫೋಟೋಗೆ ಚೆನ್ನ. ಆದರೆ ಬೀಜದ ಚೀಲದ ಬುಡದಲ್ಲೂ ಕೊಬ್ಬು ಸೇರುತ್ತದೆ. ಅದರಿಂದ ಏನು ತೊಂದರೆ ಅಂತ ಮುಂದಿನ ಭಾಗದಲ್ಲಿದೆ.

ಸ್ವಭಾವದ ಬಗ್ಗೆ ಎರಡು ಮಾತು. ಸಿಟ್ಟು ಕೂಡ ಸ್ವಲ್ಪಮಟ್ಟಿಗೆ ರಕ್ತದಲ್ಲಿ ಬರುತ್ತದೆ. ಹಾಯುವ ಹೋರಿಯ ಮಕ್ಕಳಲ್ಲಿ ಕರೆಯಲು ಬಿಡದೆ ಒದೆಯುವವು ಹೆಚ್ಚಿರಬಹುದು. ಎಷ್ಟೇ ಸಾಧುವಾಗಿದ್ದರೂ ಬೀಜದ ಹೋರಿಗೆ ಬೆನ್ನು ತೋರಿಸಿ ನಿಲ್ಲಬೇಡಿ, ಮೂಗುದಾರ ಇಲ್ಲದೆ ಹೊರಗೆ ತರಬೇಡಿ.

ಎರಡು ತಿಂಗಳ ಹಿಂದಿನ ಜ್ವರ

ಇದು ನನಗೆ ತಿಳಿದಾಗ ಬಹಳ ಆಶ್ಚರ್ಯವಾದ ವಿಷಯ. ಹೋರಿ ಇವತ್ತು ಕೊಡುವ ವೀರ್ಯ ಇವತ್ತು ತಯಾರಾದದ್ದಲ್ಲ. ಒಂದು ವೀರ್ಯಾಣು ಶುರುವಾಗಿ ಪೂರ್ತಿ ಬೆಳೆಯಲು ಸುಮಾರು 60 ದಿನ ಬೇಕು. ಉಪ್ಪಿನಕಾಯಿ ಭರಣಿ ನೆನಪಿಸಿಕೊಳ್ಳಿ. ಇವತ್ತು ಮುಚ್ಚಳ ತೆಗೆದಾಗ ಬೂಸಲು ಕಂಡರೆ ತಪ್ಪು ನಡೆದದ್ದು ಇವತ್ತಲ್ಲ, ಹಾಕಿದ ದಿನ. ಹಾಗೇ, ಎರಡು ತಿಂಗಳ ಹಿಂದೆ ಹೋರಿಗೆ ಕಾಲುಬಾಯಿ ಜ್ವರ ಬಂದಿದ್ದರೆ, ಬೇಸಿಗೆಯಲ್ಲಿ ತಗಡಿನ ಕೆಳಗೆ ಬೆಂದಿದ್ದರೆ, ಈಗ ಮೈಯಲ್ಲಿ ಏನೂ ಕಾಣದಿದ್ದರೂ ವೀರ್ಯ ಕೆಟ್ಟಿರುತ್ತದೆ. ಹಸುಗಳು ಮತ್ತೆ ಮತ್ತೆ ಬೆದೆಗೆ ಬರುತ್ತವೆ. ಬೈಗುಳ ಮಾತ್ರ ಹಸುವಿಗೇ.

ಬಿಸಿ ಯಾಕೆ ಇಷ್ಟು ಕಾಡುತ್ತದೆ? ದನದ ಮೈ ಬಿಸಿ ಸುಮಾರು 38.5 ಡಿಗ್ರಿ. ಬೀಜಗಳಿಗೆ ಅದಕ್ಕಿಂತ ಎರಡರಿಂದ ಐದು ಡಿಗ್ರಿ ಕಮ್ಮಿ ಬೇಕು. ಅದಕ್ಕೇ ಅವು ಹೊಟ್ಟೆಯೊಳಗಿಲ್ಲ, ಹೊರಗೆ ಚೀಲದಲ್ಲಿ ತೂಗುತ್ತಿವೆ. ಸೆಕೆಯಾದರೆ ಚೀಲ ಬಾವಿಗೆ ಬಿಟ್ಟ ಕೊಡದ ಹಾಗೆ ಕೆಳಗೆ ಇಳಿಯುತ್ತದೆ, ಚಳಿಯಾದರೆ ಮೇಲೆ ಎಳೆದುಕೊಳ್ಳುತ್ತದೆ. ಕೊಬ್ಬು ತುಂಬಿದರೆ ಏನಾಗುತ್ತದೆ ಅಂತ ಈಗ ಗೊತ್ತಾಯಿತಲ್ಲ, ಬೇಸಿಗೆಯಲ್ಲಿ ಸ್ವೆಟರ್ ಹಾಕಿದ ಹಾಗೆ.

ಹಾಗಾಗಿ ನೋಟ ಸಾಲದು, ವೀರ್ಯವನ್ನು ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಹೋರಿ ಹಸುವಿಗೆ ಯೋಗ್ಯವೇ ಅಂತ ನೋಡುವ ಪರೀಕ್ಷೆಯಲ್ಲಿ ಹೆಚ್ಚಾಗಿ ಬಳಸುವ ಅಳತೆ ಇದು: ನೂರರಲ್ಲಿ ಕನಿಷ್ಠ 30 ವೀರ್ಯಾಣು ನೇರ ಮುಂದಕ್ಕೆ ಈಜುತ್ತಿರಬೇಕು, ಕನಿಷ್ಠ 70ರ ಆಕಾರ ಸರಿಯಿರಬೇಕು. ತಲೆ ಸೊಟ್ಟ, ಬಾಲ ಸುರುಳಿ ಆದವು ಗುರಿ ಮುಟ್ಟೋದಿಲ್ಲ.

ಇಲ್ಲೇ ಇನ್ನೊಂದು ಮಾತು ಹೇಳಿಬಿಡುತ್ತೇನೆ. "ಈ ಹಸು ಬರೀ ಗಂಡು ಕರು ಹಾಕುತ್ತೆ" ಅಂತ ಮಾರಿಬಿಡುವವರಿದ್ದಾರೆ. ಕರು ಗಂಡೋ ಹೆಣ್ಣೋ ಅನ್ನೋದು ಹೋರಿಯ ಯಾವ ವೀರ್ಯಾಣು ಮೊದಲು ಸೇರಿತು ಅನ್ನುವುದರ ಮೇಲೆ ನಿಂತಿದೆ. ಹಸುವಿನ ಕೈಯಲ್ಲಿ ಏನೂ ಇಲ್ಲ. ಈಗ ಬಂದಿರುವ ಹೆಣ್ಣು ಕರುವಿನ ಸ್ಟ್ರಾ ಮಾಡೋದು ಇದನ್ನೇ, ವೀರ್ಯಾಣುಗಳನ್ನು ಮೊದಲೇ ಬೇರ್ಪಡಿಸಿ ಹತ್ತರಲ್ಲಿ ಒಂಬತ್ತು ಸಲ ಹೆಣ್ಣು ಬರುವಂತೆ.

ಹಾಲೇ ಕೊಡದ ಪ್ರಾಣಿಯ ಹಾಲು ಅಳೆಯೋದು ಹೇಗೆ

ಕಾಲು ಸರಿ, ವೀರ್ಯ ಸರಿ, ಗಬ್ಬ ನಿಲ್ಲುತ್ತದೆ. ಹುಟ್ಟಿದ ಹೆಣ್ಣು ಕರು ಮುಂದೆ ಎಷ್ಟು ಹಾಲು ಕೊಡುತ್ತದೆ? ಹೋರಿಗೆ ಕೆಚ್ಚಲಿಲ್ಲ, ಕರೆದು ನೋಡುವ ಹಾಗಿಲ್ಲ.

ಮೊದಲ ಉಪಾಯ, ಅದರ ತಾಯಿಯನ್ನು ನೋಡೋದು. ತಾಯಿ ದಿನಕ್ಕೆ 20 ಲೀಟರ್ ಕೊಡುತ್ತಿದ್ದರೆ ಮಗನಲ್ಲೂ ಅದರ ಗುಣ ಇರಬಹುದು. ಇರಬಹುದು ಅಷ್ಟೇ. ದನಗಳಲ್ಲಿ 30 ಜೊತೆ ವರ್ಣತಂತುಗಳಿವೆ. ವರ್ಣತಂತು ಅಂದರೆ ಗುಣಗಳನ್ನು ಬರೆದಿಟ್ಟ ಎಳೆಗಳು. ಪ್ರತಿ ಜೊತೆಯಿಂದ ಒಂದೊಂದನ್ನು ತಾಯಿ ಮಗನಿಗೆ ಕೊಡುತ್ತದೆ, ಯಾವುದು ಅನ್ನೋದು ಇಸ್ಪೀಟು ಕಲಸಿ ಹಂಚಿದ ಹಾಗೆ. ಬರೀ ಈ ಹಂಚಿಕೆಯಲ್ಲೇ ನೂರು ಕೋಟಿಗೂ ಹೆಚ್ಚು ಬಗೆ ಸಾಧ್ಯ. ಅದೇ ತಾಯಿ, ಅದೇ ಅಪ್ಪ ಇದ್ದರೂ ಅಣ್ಣ ತಮ್ಮ ಬೇರೆ ಬೇರೆ. ಮನುಷ್ಯರಲ್ಲೂ ನೋಡಿಲ್ವಾ?

ಅದಲ್ಲದೆ ತಾಯಿಯ 20 ಲೀಟರಿನಲ್ಲಿ ಮೇವಿನ ಪಾಲೂ ಇದೆ. ಹಸುವಿನಿಂದ ಹಸುವಿಗೆ ಹಾಲಿನಲ್ಲಿ ಕಾಣುವ ವ್ಯತ್ಯಾಸದಲ್ಲಿ ರಕ್ತದಿಂದ ಬರುವುದು ಸುಮಾರು ಕಾಲು ಭಾಗ. ಉಳಿದದ್ದು ಹಸಿರು ಮೇವು, ಹಿಂಡಿ, ನೀರು, ನೆರಳು, ನೋಡಿಕೊಳ್ಳುವ ಕೈ.

ಎರಡನೇ ಉಪಾಯ, ಹೆಣ್ಣು ಮಕ್ಕಳನ್ನು ನೋಡೋದು. ಅಡುಗೆಭಟ್ಟರನ್ನು ಹೇಗೆ ಗೊತ್ತು ಮಾಡುತ್ತೇವೆ? ಒಂದು ಮದುವೆಯಲ್ಲಿ ಸಾರು ಚೆನ್ನಾಗಿದ್ದರೆ ಅದು ಆ ಮನೆಯವರು ತಂದ ಬೇಳೆ, ತುಪ್ಪದ ಗುಣವೂ ಇರಬಹುದು. ಬೇರೆ ಬೇರೆ ಮನೆಯ ಐವತ್ತು ಮದುವೆಯಲ್ಲೂ ಚೆನ್ನಾಗಿದ್ದರೆ ಅದು ಭಟ್ಟರ ಕೈ. ಹೋರಿಗೂ ಹೀಗೇ. ಅದರ ಸ್ಟ್ರಾಗಳನ್ನು ಹಲವು ಊರಿನ ಹಲವು ಕೊಟ್ಟಿಗೆಗೆ ಕೊಟ್ಟು, ಹುಟ್ಟಿದ ಹೆಣ್ಣುಗಳೆಲ್ಲ ಬೆಳೆದು ಕರು ಹಾಕಿ, ಪೂರ್ತಿ 305 ದಿನದ ಹಾಲನ್ನು ಅಳೆದು, ಅದೇ ಕೊಟ್ಟಿಗೆಯ ಬೇರೆ ಹಸುಗಳ ಜೊತೆ ಹೋಲಿಸುತ್ತಾರೆ. ಬೇರೆಯವಕ್ಕಿಂತ ಇವು ಎಲ್ಲ ಕಡೆಯೂ ಮುಂದಿದ್ದರೆ ಹೋರಿ ಪಾಸ್. ಸಂತತಿ ಪರೀಕ್ಷೆ ಅಂತ ಹೆಸರು.

ತೊಂದರೆ ಒಂದೇ, ಕಾಲ. ಗಬ್ಬ ಒಂಬತ್ತು ತಿಂಗಳು, ಮಗಳು ಬೆಳೆದು ಕರು ಹಾಕಲು ಸುಮಾರು ಮೂರು ವರ್ಷ, ಮೇಲೆ ಹತ್ತು ತಿಂಗಳ ಹಾಲು. ಫಲಿತಾಂಶ ಬರುವಷ್ಟರಲ್ಲಿ ಹೋರಿಗೆ ಆರೇಳು ವರ್ಷ. ಅಷ್ಟು ದಿನ ಅದನ್ನು ಸಾಕಿ, ಸ್ಟ್ರಾ ಕೂಡಿಟ್ಟು ಕಾಯಬೇಕು.

ಮೂರನೇ ಉಪಾಯ ಬಂದದ್ದು ಈ ಕಾಯುವಿಕೆ ತಪ್ಪಿಸಲು. ಕರು ಹುಟ್ಟಿದ ಕೂಡಲೇ ಒಂದು ಹನಿ ರಕ್ತವೋ ನಾಲ್ಕು ಕೂದಲೋ ತೆಗೆದು ಡಿಎನ್‌ಎ ಓದಿ, ಈಗಾಗಲೇ ಹಾಲು ಅಳೆದಿರುವ ಸಾವಿರಾರು ಹಸುಗಳ ಡಿಎನ್‌ಎ ಜೊತೆ ತಾಳೆ ನೋಡಿ, ಇದರಲ್ಲಿ ಎಷ್ಟು ಗುಣ ಇದೆ ಅಂತ ಅಂದಾಜು ಮಾಡೋದು. ಅಮೆರಿಕದಲ್ಲಿ 2009ರಿಂದ ಇದು ಅಧಿಕೃತವಾಗಿ ನಡೆಯುತ್ತಿದೆ. ನಮ್ಮಲ್ಲಿ 2024ರ ಅಕ್ಟೋಬರ್‌ನಲ್ಲಿ ಹಸುವಿಗೆ ಗೌ ಚಿಪ್, ಎಮ್ಮೆಗೆ ಮಹಿಷ್ ಚಿಪ್ ಬಿಡುಗಡೆಯಾದವು. ಚಿಪ್ ಅಂದರೆ ಹಸುವಿನ ಮೈಯೊಳಗೆ ಇಡುವಂಥದ್ದಲ್ಲ, ಲ್ಯಾಬಿನಲ್ಲಿ ಡಿಎನ್‌ಎ ಓದುವ ಪುಟ್ಟ ಫಲಕ. ಆದರೆ ತಾಳೆ ನೋಡಲು ದಾಖಲೆ ಬೇಕಲ್ಲ. ಮನೆಮನೆಯಲ್ಲಿ ಹಾಲು ಅಳೆದು ಬರೆದಿಟ್ಟ ಪುಸ್ತಕ ಎಷ್ಟು ದಪ್ಪವೋ ಚಿಪ್ಪಿನ ಮಾತು ಅಷ್ಟು ನಿಜ.

ಹೊರಗೆ ಚೆನ್ನ, ಒಳಗೆ ದೋಷ

ಅಮೆರಿಕದಲ್ಲಿ 1962ರಲ್ಲಿ ಒಂದು ಹೋಲ್‌ಸ್ಟೀನ್ ಹೋರಿ ಹುಟ್ಟಿತು. ಪಾನೀ ಫಾರ್ಮ್ ಅರ್ಲಿಂಡಾ ಚೀಫ್ ಅಂತ ಹೆಸರು. ಅದರ ಹೆಣ್ಣು ಮಕ್ಕಳು ಹಾಲಿನಲ್ಲಿ ಎಲ್ಲರನ್ನೂ ಮೀರಿಸಿದವು. ಸುಮಾರು 16 ಸಾವಿರ ಹೆಣ್ಣು ಮಕ್ಕಳು, 5 ಲಕ್ಷ ಮೊಮ್ಮಕ್ಕಳು, 20 ಲಕ್ಷಕ್ಕೂ ಹೆಚ್ಚು ಮರಿಮೊಮ್ಮಕ್ಕಳು. ಜಗತ್ತಿನ ತುಂಬ ಅದರ ರಕ್ತ ಹರಡಿತು.

ಆದರೆ ಅದರ ಡಿಎನ್‌ಎಯಲ್ಲಿ ಒಂದು ತಪ್ಪು ಅಕ್ಷರ ಇತ್ತು. ಒಂದೇ ಕಡೆಯಿಂದ ಬಂದರೆ ಏನೂ ಆಗೋದಿಲ್ಲ. ಅಪ್ಪ ಅಮ್ಮ ಎರಡೂ ಕಡೆಯಿಂದ ಬಂದರೆ ಕರು ಗರ್ಭದಲ್ಲೇ ಸಾಯುತ್ತದೆ. ಚೀಫ್ ವಂಶದ ಹಸುವಿಗೆ ಚೀಫ್ ವಂಶದ ಹೋರಿಯನ್ನೇ ಕೊಡುವ ಕಾಲ ಬಂದಾಗ ಅದು ಶುರುವಾಯಿತು. ಇದರಿಂದ ಜಗತ್ತಿನಲ್ಲಿ 5 ಲಕ್ಷಕ್ಕೂ ಹೆಚ್ಚು ಗರ್ಭ ಹೋದವು ಅಂತ ವಿಜ್ಞಾನಿಗಳ ಅಂದಾಜು. ಹಾಗಂತ ಚೀಫ್ ಕೆಟ್ಟ ಹೋರಿಯೇ? ಅದರಿಂದ ಹೆಚ್ಚಾದ ಹಾಲಿನ ಬೆಲೆ ಈ ನಷ್ಟಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ದೋಷವೇ ಇಲ್ಲದ ಹೋರಿ ಇರೋದಿಲ್ಲ. ದೋಷ ಯಾವುದು ಅಂತ ಗೊತ್ತಿದ್ದರೆ ಅದೇ ದೋಷ ಇರುವ ಹಸುವಿಗೆ ಕೊಡದೆ ತಪ್ಪಿಸಬಹುದು. ಈಗ ವೀರ್ಯ ಕೇಂದ್ರಗಳಲ್ಲಿ ಹೋರಿಗಳಿಗೆ ಗೊತ್ತಿರುವ ಕೆಲವು ವಂಶದೋಷಗಳ ಪರೀಕ್ಷೆ ಮಾಡುತ್ತಾರೆ.

ಚೀಫ್ ಕಥೆ ಅಮೆರಿಕದ್ದಾದರೂ ನಮ್ಮ ಕೊಟ್ಟಿಗೆಗೆ ಹತ್ತಿರವೇ ಇದೆ. ಊರಿಗೆ ಒಂದೇ ಹೋರಿ, ನಾಲ್ಕೈದು ವರ್ಷ ಅದೇ ಇದ್ದರೆ, ಅದರ ಮಗಳೇ ಬೆದೆಗೆ ಬಂದು ಅದರ ಹತ್ತಿರ ಹೋಗುತ್ತದೆ. ಅಪ್ಪ ಮಗಳ ಜೋಡಿಯಲ್ಲಿ ಹುಟ್ಟುವ ಕರುವಿನಲ್ಲಿ, ಎರಡೂ ಕಡೆಯಿಂದ ಅದೇ ತುಣುಕು ಬಂದು ಸೇರುವ ಸಂಭವ ನೂರಕ್ಕೆ 25. ಅಡಗಿದ್ದ ದೋಷ ಹೊರಬರಲು ಇದಕ್ಕಿಂತ ಸಲೀಸಾದ ದಾರಿ ಇಲ್ಲ. ಅದಕ್ಕೇ ಎರಡು ಎರಡೂವರೆ ವರ್ಷಕ್ಕೆ ಊರ ಹೋರಿ ಬದಲಾಯಿಸಬೇಕು ಅನ್ನೋದು. ಒಳ್ಳೆಯ ಹೋರಿಯನ್ನು ಓಡಿಸಬೇಕಾಗಿಲ್ಲ, ಪಕ್ಕದ ಊರಿನ ಹೋರಿ ಜೊತೆ ಅದಲುಬದಲು ಮಾಡಿಕೊಂಡರೂ ಆಯಿತು.

ರೋಗ ಹೊತ್ತು ತಿರುಗುವ ಹೋರಿ

ಕೆಲವು ರೋಗಗಳು ಹೋರಿಗೆ ಏನೂ ಮಾಡುವುದಿಲ್ಲ, ಹಸುವಿಗೆ ಮಾತ್ರ. ಕ್ಯಾಂಪೈಲೋಬ್ಯಾಕ್ಟರ್, ಟ್ರೈಕೋಮೊನಾಸ್ ಅನ್ನುವ ಸೂಕ್ಷ್ಮಜೀವಿಗಳು ಹೋರಿಯ ಶಿಶ್ನದ ಹೊರಚರ್ಮದಲ್ಲಿ ಸುಮ್ನೆ ಕೂತಿರುತ್ತವೆ, ಹೋರಿ ಗುಂಡುಕಲ್ಲಿನ ಹಾಗಿರುತ್ತದೆ. ಅದರ ಹತ್ತಿರ ಹೋದ ಹಸುಗಳೆಲ್ಲ ಗಬ್ಬ ನಿಲ್ಲದೆ ತಿರುಗುತ್ತವೆ. ಬ್ರುಸೆಲ್ಲಾ ಇನ್ನೂ ಕೆಟ್ಟದ್ದು. ಗಬ್ಬಕ್ಕೆ ಐದು ತಿಂಗಳು ದಾಟಿದ ಮೇಲೆ ಹಸು ಕಂದು ಹಾಕುತ್ತದೆ, ಅಂದರೆ ಗರ್ಭಪಾತವಾಗುತ್ತದೆ. ಹಸಿ ಹಾಲಿನಿಂದ, ಕರುವಿನ ಜೊತೆ ಬೀಳುವ ಕಸವನ್ನು (ಮಾಸನ್ನು) ಬರಿಗೈಯಲ್ಲಿ ಎತ್ತುವುದರಿಂದ ಮನುಷ್ಯರಿಗೂ ಬರುತ್ತದೆ. ಹಾಗಾಗಿ ನಿಮ್ಮೂರಲ್ಲಿ ಹೋರಿಯೇ ಇದ್ದರೆ, ಅದರ ರೋಗ ಪರೀಕ್ಷೆ ಆಗಿದೆಯಾ ಅಂತ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಬಾರದು.

ಹೆಸರಘಟ್ಟದಂಥ ಕಡೆ ಇರುವ ವೀರ್ಯ ಕೇಂದ್ರಗಳಲ್ಲಿ ಹೋರಿಗಳಿಗೆ ಕ್ಷಯ, ಬ್ರುಸೆಲ್ಲಾ, ಮೇಲೆ ಹೇಳಿದ ಎರಡು, ಇವೆಲ್ಲವನ್ನೂ ಮತ್ತೆ ಮತ್ತೆ ಪರೀಕ್ಷೆ ಮಾಡಲೇಬೇಕು ಅಂತ ನಿಯಮವಿದೆ. ಇಂಜೆಕ್ಷನ್ನಿನ ದೊಡ್ಡ ಲಾಭ ಇದೇ ಅಂತ ನನಗನಿಸುತ್ತದೆ, ಹಾಲು ಆಮೇಲಿನ ಮಾತು.

ಸ್ಟ್ರಾ ಮೇಲಿನ ನಂಬರ್

ಕೋಟಿ ರೂಪಾಯಿ ಹೋರಿ ನಮ್ಮ ನಿಮ್ಮ ಕೊಟ್ಟಿಗೆಗೆ ಬರೋದಿಲ್ಲ. ಬರೋದು ಸ್ಟ್ರಾ. ಅದರ ಮೇಲೆ ಸಣ್ಣ ಅಕ್ಷರದಲ್ಲಿ ತಳಿ, ಹೋರಿಯ ನಂಬರ್, ಯಾವ ಕೇಂದ್ರದ್ದು, ಯಾವ ದಿನದ್ದು ಅಂತ ಅಚ್ಚಾಗಿರುತ್ತದೆ. ಹಾಕಿ ಆದ ಮೇಲೆ ಖಾಲಿ ಸ್ಟ್ರಾ ಗೊಬ್ಬರದ ಗುಂಡಿಗೆ. ಮೂರು ವರ್ಷ ಕಳೆದು ಆ ಹೋರಿಯ ಮಗಳು ಬೆದೆಗೆ ಬಂದಾಗ, ಡಾಕ್ಟರ ಕ್ಯಾನಿನಲ್ಲಿ ಅದೇ ನಂಬರಿನ ಸ್ಟ್ರಾ ಇದ್ದರೂ ನಮಗೆ ಗೊತ್ತಾಗೋದಿಲ್ಲ.

ನಮ್ಮಮ್ಮ ಓದಿದ್ದು ಕಮ್ಮಿ. ಆದರೆ ಡಾಕ್ಟರು ಬಂದು ಹೋದ ಕೂಡಲೇ ಆ ಸ್ಟ್ರಾ ಇಸಿದುಕೊಂಡು, ಕನ್ನಡಕ ಹಾಕಿಕೊಂಡು, ಕೊಟ್ಟಿಗೆ ಗೋಡೆ ಮೇಲೆ ಇದ್ದಿಲಲ್ಲಿ ಬರೆಯುತ್ತಾರೆ: ಹಸುವಿನ ಹೆಸರು, ತಾರೀಕು, ಹೋರಿ ನಂಬರ್. ಸುಣ್ಣ ಹೊಡೆಯುವಾಗ ಆ ಜಾಗ ಮಾತ್ರ ಬಿಟ್ಟು ಹೊಡೆಯಬೇಕು ಅಂತ ಕಟ್ಟುನಿಟ್ಟು. ಹೋದ ಸಲ ಗೌರಿಗೆ ಹಾಕಲು ತೆಗೆದ ಸ್ಟ್ರಾ ನೋಡಿ, "ಬೇಡ ಸ್ವಾಮಿ, ಇದು ಅದರಪ್ಪಂದೇ, ಬೇರೆ ಕೊಡಿ" ಅಂದರು. ಡಾಕ್ಟರು ಗೋಡೆ ನೋಡಿದರು, ಸ್ಟ್ರಾ ನೋಡಿದರು, ಕ್ಯಾನಿಗೆ ಮತ್ತೆ ಕೈ ಹಾಕಿದರು.